ಪಾದಚಾರಿ ಮಾರ್ಗದಲ್ಲಿ ಬಿದ್ದವರು ಎದ್ದು ಹೊರಡುವ ಮುನ್ನ

ಮೂರು ತಿಂಗಳ ಹಿಂದೆ, ಒಂದು ಶನಿವಾರ ಸಂಜೆ, ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ರವಿಕೆ ಬಟ್ಟೆ ಕೊಂಡು ಮೆಟ್ಟಿಲಿಳಿದು ಪಾದಚಾರಿ ಮಾರ್ಗದಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಬಂದ ಸೈಕಲ್ಲೊಂದು ನನ್ನ ಮೊಣಕೈಗೆ ತಗುಲಿತು. ಸೈಕಲ್ಲಿನ ಹುಡುಗ ಹೇಗೋ ಕಾಲೂರಿ ನಿಂತುಬಿಟ್ಟ. ಆದರೆ ಅದರ ಕ್ಯಾರಿಯರ್ ಹಿಡಿದು ಸ್ಕೇಟ್ಸ್ ಮೇಲೆ ಜಾರಿಕೊಂಡು ಬರುತ್ತಿದ್ದ ಇನ್ನೊಬ್ಬನಿಗೆ ನಿಲ್ಲುವ ಉಪಾಯವೇ ಇರಲಿಲ್ಲವಾದ್ದರಿಂದ, ಅವನು ನೇರವಾಗಿ ನನ್ನ ಮೇಲೆ ಬಂದು ಬಿದ್ದ. ನಾನು ಬಲಗೈ ಊರಿ ಕಲ್ಲುಹಾಸಿನ ಮೇಲೆ ಕುಸಿದೆ. ಪಕ್ಕಕ್ಕೆ ಸರಿಯೋಣವೆಂದರೆ ರಸ್ತೆಯಂಚಿನುದ್ದಕ್ಕೂ ಸ್ಕೂಟರುಗಳ ಸಾಲು.

"ಸಾರಿ ಆಂಟಿ" ಎಂದು ಇಬ್ಬರೂ ಹೆದರಿ ನಿಂತಿದ್ದರು. "ಹೋಗ್ಲಿ ಬಿಡಮ್ಮ, ಮಕ್ಕಳು" ಎಂದರು ದಾರಿಹೋಕರೊಬ್ಬರು. ಸೆರಗು ಕೊಡವಿಕೊಂಡು ನಾನೂ ತಲೆಯಾಡಿಸಿದೆ. ನಾನು ಮಾಡಿದ ತಪ್ಪು ಅದೇ.

ರಾತ್ರಿಯ ಹೊತ್ತಿಗೆ ಮಣಿಕಟ್ಟು ಊದಿ, ಬಳೆ ಅಲ್ಲಾಡದಂತೆ ಕಚ್ಚಿಕೊಂಡಿತ್ತು. ಆಸ್ಪತ್ರೆಯಲ್ಲಿ ಮೊದಲು ಚಿನ್ನದ ಬಳೆಯನ್ನು ಕತ್ತರಿಸಿ ತೆಗೆದು, ಆಮೇಲೆ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿತ್ತು; ಆರು ವಾರ ಪ್ಲಾಸ್ಟರ್. ಆದ್ದರಿಂದ ಕೈ ಊರಿ ಬಿದ್ದವರು, ನೋವು ಕಾಣಿಸದಿದ್ದರೂ, ಬಳೆ ಉಂಗುರಗಳನ್ನು ಅಲ್ಲೇ ತೆಗೆದುಬಿಡಿ.

ಮರುದಿನ ದೂರು ಕೊಡಲು ಹೋದರೆ ಯಾರ ಮೇಲೆ ಕೊಡುವುದು? ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲ, ಹುಡುಗರ ಹೆಸರು ಕೇಳಿರಲಿಲ್ಲ, ಅಂಗಡಿಯ ಕ್ಯಾಮೆರಾ ನೋಡುತ್ತಿದ್ದುದು ತನ್ನ ಗಲ್ಲಾಪೆಟ್ಟಿಗೆಯನ್ನು. ಕಾಲ್ತುಳಿಯುವ ಸೈಕಲ್ 1988ರ ಮೋಟಾರು ವಾಹನ ಕಾಯ್ದೆಯ ಅರ್ಥದಲ್ಲಿ ಮೋಟಾರು ವಾಹನವಲ್ಲವಾದ್ದರಿಂದ, ವಿಮೆಯಿಂದ ಪರಿಹಾರ ಸಿಗುವ ದಾರಿಯೂ ಇಲ್ಲಿಲ್ಲ. ಹಾಗೆಂದು ಕಾನೂನೇ ಇಲ್ಲವೆಂದಲ್ಲ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು, ಸಾರ್ವಜನಿಕ ಮಾರ್ಗದಲ್ಲಿ ಜೀವಕ್ಕೆ ಅಪಾಯವಾಗುವಂತೆ ಯಾವುದೇ ವಾಹನವನ್ನು ದುಡುಕಿನಿಂದ ಓಡಿಸಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ, ಮೋಟಾರು ಇರಬೇಕೆಂಬ ಷರತ್ತು ಅದರಲ್ಲಿಲ್ಲ.

ಸೈಕಲ್ಲಿನ ಮೇಲೆ ನನಗೇನೂ ಮುನಿಸಿಲ್ಲ; 2017ರಲ್ಲಿ ನಮ್ಮೂರಿಗೆ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಬಂದಾಗ ಸಂತೋಷಪಟ್ಟವಳೇ ನಾನು. ಆ ಹುಡುಗರನ್ನು ಜೈಲಿಗೆ ಕಳಿಸುವ ಆಸೆಯೂ ಇಲ್ಲ. ಅವರ ಅಪ್ಪನ ಫೋನ್ ನಂಬರೊಂದನ್ನು ಪಡೆದು, ಒಂದು ಫೋಟೊ ತೆಗೆದುಕೊಂಡಿದ್ದರೆ ಆಸ್ಪತ್ರೆಯ ಬಿಲ್ಲಿನ ಮಾತನ್ನಾದರೂ ಆಡಬಹುದಿತ್ತು. ಅಂಗಡಿಯ ಮೆಟ್ಟಿಲಿಳಿಯುವಾಗ ಎರಡೂ ಕಡೆ ನೋಡಿ ಇಳಿಯಿರಿ. ಬೆಲ್ ಮಾಡದೆ ಬರುವ ಸೈಕಲ್ ಆ ಗದ್ದಲದಲ್ಲಿ ಕಿವಿಗೆ ಬೀಳುವುದಿಲ್ಲ.