28 ಇಂಚಿನ ಇಂಗ್ಲಿಷ್ ವೀಲ್: ಕರಾವಳಿಯ ತಗಡು ಕೆಲಸಕ್ಕೆ ಹೇಗೆ?

ಮಡ್‌ಗಾರ್ಡ್, ಬಾನೆಟ್‌ನಂತೆ ಎರಡೂ ದಿಕ್ಕಿಗೆ ಬಾಗಿದ ತಗಡು ಎಬ್ಬಿಸುವ ಟಿಂಕರಿಂಗ್ ಶಾಪುಗಳಿಗೆ, ತಗಡನ್ನು ಎರಡು ಚಕ್ರಗಳ ನಡುವೆ ಒತ್ತಿ ಓಡಿಸಿ ಬಾಗಿಸುವ ಈ ಮೆಷಿನ್ ಧಾರಾಳವಾಗಿ ಆಗುತ್ತದೆ. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಕೆಲಸಕ್ಕೆ ಹಚ್ಚಬಾರದು. ಮಾಡಿನ ಮಳೆನೀರಿನ ದಂಬೆ, ಡಕ್ಟ್ ಮಾತ್ರ ಮಾಡುವವರಿಗೆ ಇದು ಬೇಡ, ಅವರಿಗೆ ಬೇಕಾದ್ದು ಬೆಂಡಿಂಗ್ ಮೆಷಿನ್.

ಚೌಕ ಪೈಪಿನ ಸಿ ಆಕಾರದ ಫ್ರೇಮು (ಚಕ್ರದಿಂದ ಅದರ ಬೆನ್ನಿನವರೆಗೆ 28 ಇಂಚು), ಮೇಲೆ 8 ಇಂಚು ವ್ಯಾಸದ ಚಪ್ಪಟೆ ಚಕ್ರ, ಕೆಳಗೆ ಬದಲಾಯಿಸಬಹುದಾದ 3 ಇಂಚಿನ ಉಬ್ಬು ಚಕ್ರಗಳು. ಇದರ ದೊಡ್ಡ ದೋಷ ಫ್ರೇಮಿನಲ್ಲೇ ಇದೆ. ಕೂದಲೆಳೆಯಷ್ಟು ಅಲುಗಾಟವನ್ನೂ ತೋರಿಸುವ ಡಯಲ್ ಗೇಜನ್ನು ಬೇರೊಂದು ಸ್ಟ್ಯಾಂಡಿಗೆ ಕಟ್ಟಿ ಅದರ ಮೊನೆಯನ್ನು ಫ್ರೇಮಿನ ಮೇಲಿನ ತೋಳಿಗೆ ತಾಗಿಸಿ, 20 ಗೇಜಿನ (ಸುಮಾರು 0.9 ಮಿಮೀ ದಪ್ಪದ) ತಗಡು ಸಿಕ್ಕಿಸಿ ಬಿಗಿ ಮಾಡಿ ನೋಡಿ: ತೋಳು ಮೇಲೇಳುತ್ತದೆ. ಹೀಗೆ ಫ್ರೇಮು ಸ್ಪ್ರಿಂಗಿನಂತೆ ಬಾಗಿದರೆ ಉಬ್ಬಿದ ಜಾಗದ ಮೇಲೆ ಒತ್ತಡ ಸರಿಯಾಗಿ ಬೀಳುವುದಿಲ್ಲ, ತಗಡು ಅಲ್ಲಲ್ಲಿ ತಗ್ಗುದಿಣ್ಣೆಯಾಗಿಯೇ ಉಳಿಯುತ್ತದೆ. ಪೈಪಿನೊಳಗೆ ಮರಳು ತುಂಬಿದರೆ ಸದ್ದು ಅಡಗುತ್ತದೆ, ಬಾಗುವುದು ನಿಲ್ಲುವುದಿಲ್ಲ. ಬೆನ್ನಿಗೆ ಇನ್ನೊಂದು ಪೈಪು, ಎರಡೂ ಮೂಲೆಗೆ ತ್ರಿಕೋನ ಪ್ಲೇಟು ಹಾಕಿಸುವುದೇ ಪರಿಹಾರ. ವೆಲ್ಡಿಂಗ್ ತುಂಡು ತುಂಡಾಗಿ, ಎಡಬಲ ಬದಲಿಸುತ್ತಾ ಆಗಬೇಕು. ಒಂದೇ ಸಮನೆ ಎಳೆದರೆ ಬಿಸಿಗೆ ಫ್ರೇಮು ಸೊಟ್ಟಾಗಿ ಚಕ್ರಗಳು ಒಂದರ ಮೇಲೊಂದು ನೇರ ಕೂರುವುದಿಲ್ಲ.

ಬಳಸುವಾಗ ಮೊದಲು ಮರಳಿನ ಚೀಲದ ಮೇಲೆ ಮರದ ಸುತ್ತಿಗೆಯಿಂದ ಒರಟು ಆಕಾರ ಎಬ್ಬಿಸಿ, ಆಮೇಲೆ ವೀಲಿಗೆ ತನ್ನಿ. ಕೆಳಚಕ್ರದ ಉಬ್ಬು ಬೇಕಾದ ಬಾಗಿಗಿಂತ ಚಪ್ಪಟೆಯಾಗಿದ್ದರೆ ಅದರ ಅಂಚು ತಗಡಿಗೆ ಗೀರು ಹಾಕುತ್ತದೆ. ಅತಿ ಉಬ್ಬಾಗಿದ್ದರೆ ಸಾಲು ಸಾಲು ಗುರುತು ಬೀಳುತ್ತದೆ. ಸಾಲುಗಳ ನಡುವೆ ಸುಮಾರು 5 ಮಿಮೀ ಬಿಟ್ಟು ಹಗುರ ಒತ್ತಡದಲ್ಲಿ ಓಡಿಸಿ, ಪ್ರತಿ ಬಾರಿ ತಿರುಗಿಸುವ ಜಾಗ ಸ್ವಲ್ಪ ಬದಲಿಸಿ, ನಂತರ ಅಡ್ಡಡ್ಡ ಇನ್ನೊಂದು ಸುತ್ತು. ನಡುವೆ ಹಿಗ್ಗಿದರೆ ಬೋಗುಣಿಯ ಆಕಾರ ಬರುತ್ತದೆ. ಅಂಚು ಹಿಗ್ಗಿದರೆ ಅಲೆ ಏಳುತ್ತದೆ, ಅದನ್ನು ಮತ್ತೆ ಕುಗ್ಗಿಸುವುದು ನಿಜಕ್ಕೂ ಕಷ್ಟ. ವೆಲ್ಡಿಂಗ್ ಗಂಟನ್ನು ಪೂರ್ತಿ ಸಮ ಮಾಡದೆ ಚಕ್ರದಡಿ ತೂರಿಸಲೇಬೇಡಿ. ಕಪ್ಪು ಹೊಪ್ಪಳೆ ಇರುವ ಹಾಟ್ ರೋಲ್ಡ್ ತಗಡೂ ಬೇಡ.

ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿಯ ಶೆಡ್ಡುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಆಟಿ ತಿಂಗಳ ಮಳೆಗಾಲದಲ್ಲಿ ಉಪ್ಪುಗಾಳಿ, ತೇವ ಎರಡೂ ಸೇರಿದರೆ ಹೊಳಪಿನ ಚಕ್ರಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆ ಹಿಡಿದೀತು. ಆ ಕುಳಿ ಪ್ರತಿ ಸುತ್ತಿಗೂ ತಗಡಿಗೆ ಅಚ್ಚಾಗುತ್ತದೆ. ಯಾವ ಚಕ್ರ ಕೆಟ್ಟಿದೆ ಎಂದು ತಿಳಿಯಲು ಗುರುತುಗಳ ಅಂತರ ಅಳೆಯಿರಿ: ಸುಮಾರು 24 ಸೆಂಮೀಗೊಂದು ಬಿದ್ದರೆ ಕೆಳಗಿನದು, 64 ಸೆಂಮೀಗೊಂದು ಬಿದ್ದರೆ ಮೇಲಿನದು. ಸಂಜೆ ಕೆಲಸ ಮುಗಿದ ಮೇಲೆ ಕೆಳಚಕ್ರಗಳನ್ನು ಬಿಚ್ಚಿ ಎಣ್ಣೆ ಒರೆಸಿ ಮುಚ್ಚಳದ ಡಬ್ಬಿಯಲ್ಲಿಡಿ, ಮೇಲಿನದಕ್ಕೆ ಎಣ್ಣೆ ಬಟ್ಟೆ ಸುತ್ತಿ. ಬೆಳಿಗ್ಗೆ ಎಣ್ಣೆ ಚೆನ್ನಾಗಿ ಒರೆಸದಿದ್ದರೆ ಗ್ರೈಂಡಿಂಗ್ ಧೂಳು ಅಂಟಿ ಅದೂ ತಗಡಿಗೆ ಅಚ್ಚೊತ್ತುತ್ತದೆ.

ಕೊಳ್ಳುವ ಮೊದಲು ಚಕ್ರದ ಪಕ್ಕಕ್ಕೆ ಹೊಸ ಅರ ಎಳೆದು ನೋಡಿ. ಜಾರಿದರೆ ಗಟ್ಟಿ, ಕಚ್ಚಿದರೆ ಮೆದು. ಮೆದು ಚಕ್ರದ ಮೆಷಿನನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.