ನ್ಯೂಟ್ರಾನ್ ಗೈಡ್ ವಿನ್ಯಾಸಕ್ಕೆ ಮೆಕ್‌ಸ್ಟಾಸ್: ಎಂಟು ವರ್ಷ ಬಳಸಿದ ಮೇಲೆ

ನ್ಯೂಟ್ರಾನ್ ಹೊಮ್ಮುವ ಮೂಲದಿಂದ ಹತ್ತಾರು ಮೀಟರ್ ದೂರದಲ್ಲಿಟ್ಟ, ಪರೀಕ್ಷಿಸಬೇಕಾದ ಮಾದರಿಯವರೆಗೆ ನ್ಯೂಟ್ರಾನ್ ಪುಂಜವನ್ನು ಒಯ್ಯುವ, ಒಳಮೈಯಲ್ಲಿ ಕನ್ನಡಿಯಿರುವ ಕೊಳವೆಗಳಾದ ಗೈಡ್‌ಗಳ ವಿನ್ಯಾಸಕ್ಕೆ ಎಂಟು ವರ್ಷಗಳಿಂದ ಮೆಕ್‌ಸ್ಟಾಸ್ ತಂತ್ರಾಂಶವನ್ನೇ ಬಳಸುತ್ತಿದ್ದೇನೆ. ಡೆನ್ಮಾರ್ಕಿನ ರಿಸೋ ಪ್ರಯೋಗಾಲಯದಲ್ಲಿ ರೂಪುಗೊಂಡು 1998ರಲ್ಲಿ ಮೊದಲು ಬಿಡುಗಡೆಯಾದ ಇದು ಉಚಿತವಾಗಿ ಸಿಗುತ್ತದೆ. ನಾವು ಬರೆದ ಉಪಕರಣದ ವಿವರಣೆಯನ್ನು ಸಿ ಭಾಷೆಗೆ ತಿರುಗಿಸಿ, ಲಕ್ಷಾಂತರ ನ್ಯೂಟ್ರಾನ್ ಕಿರಣಗಳನ್ನು ಹರಿಯಬಿಟ್ಟು, ಪ್ರತಿ ಪ್ರತಿಫಲನದಲ್ಲೂ ಕಿರಣದ ತೂಕವನ್ನು (ಅದು ಎಷ್ಟು ನ್ಯೂಟ್ರಾನ್‌ಗಳನ್ನು ಪ್ರತಿನಿಧಿಸುತ್ತದೆ ಎಂಬ ಅಂಕಿಯನ್ನು) ಕನ್ನಡಿಯ ಗುಣಕ್ಕೆ ತಕ್ಕಂತೆ ತಗ್ಗಿಸುತ್ತ ಹೋಗುವುದು ಇದರ ಕ್ರಮ.

ಆರಂಭದಲ್ಲಿ ನಾನು ಮಾಡಿದ ತಪ್ಪೊಂದನ್ನು ಹೊಸಬರಿಗಾಗಿ ಹೇಳಲೇಬೇಕು. 40 ಮೀಟರ್ ಗೈಡ್‌ಗೆ ಸರಳವಾದ ‘ಗೈಡ್’ ಘಟಕವನ್ನು ಹಾಕಿ, ಗುರುತ್ವದ ಆಯ್ಕೆಯನ್ನೂ ಚಾಲೂ ಮಾಡಿದ್ದೆ. ಗುರುತ್ವವಿದ್ದಾಗ ಈ ಘಟಕ ತಪ್ಪು ಫಲಿತಾಂಶ ಕೊಡುತ್ತದೆ, ‘ಗೈಡ್ ಗ್ರಾವಿಟಿ’ ಬಳಸಿ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದುಹೋದದ್ದನ್ನು ನಾನು ಗಮನಿಸಿರಲಿಲ್ಲ. 10 ಆಂಗ್‌ಸ್ಟ್ರಮ್ (1 ನ್ಯಾನೋಮೀಟರ್) ತರಂಗಾಂತರದ ನ್ಯೂಟ್ರಾನ್ ಸೆಕೆಂಡಿಗೆ ಸುಮಾರು 396 ಮೀಟರ್ ಸಾಗುತ್ತದೆ. ತಡೆಯುವ ಗೋಡೆಯಿಲ್ಲದಿದ್ದರೆ 40 ಮೀಟರ್ ದಾಟುವಷ್ಟರಲ್ಲಿ ಅದು 5 ಸೆಂಟಿಮೀಟರ್ ಕೆಳಗೆ ಬಿದ್ದಿರುತ್ತದೆ. ಹೀಗೆ ನಿಧಾನವಾಗಿ ಸಾಗುವ ದೀರ್ಘ ತರಂಗಾಂತರಗಳ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕಾಯಿತು.

ಈ ತಂತ್ರಾಂಶದ ನಿಜವಾದ ಬೆಲೆ ತಿಳಿದದ್ದು ಬಾಗಿದ ಗೈಡ್‌ನ ಕೆಲಸದಲ್ಲಿ. 3 ಸೆಂಟಿಮೀಟರ್ ಅಗಲದ ಗೈಡನ್ನು 2000 ಮೀಟರ್ ತ್ರಿಜ್ಯದಲ್ಲಿ ಬಾಗಿಸಿದರೆ ಸುಮಾರು 22 ಮೀಟರಿನಾಚೆಗೆ ಮೂಲ ನೇರವಾಗಿ ಕಾಣುವುದಿಲ್ಲ. ವೇಗದ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳ ಕಾಟ ಅಷ್ಟರಮಟ್ಟಿಗೆ ತಗ್ಗುತ್ತದೆ. ತುದಿಯಲ್ಲಿಟ್ಟ ಮಾನಿಟರ್ (ಲೆಕ್ಕದಲ್ಲಿ ಪುಂಜವನ್ನು ಅಳೆಯುವ ಘಟಕ) ತೋರಿಸಿದ ಒಟ್ಟು ತೀವ್ರತೆ ತೃಪ್ತಿಕರವಾಗಿಯೇ ಇತ್ತು. ಆದರೆ ಸ್ಥಾನದ ಚಿತ್ರವನ್ನು ತೆರೆದು ನೋಡಿದಾಗ ಪುಂಜವು ಹೊರಗೋಡೆಯ ಕಡೆ ದಟ್ಟವಾಗಿಯೂ ಒಳಗೋಡೆಯ ಕಡೆ ತೀರ ತೆಳುವಾಗಿಯೂ ಕಂಡಿತು: ಕಿರು ತರಂಗಾಂತರದ ನ್ಯೂಟ್ರಾನ್‌ಗಳು ಹೊರಗೋಡೆಯನ್ನಷ್ಟೇ ಸವರಿಕೊಂಡು ಬಂದಿದ್ದವು. ಮುಂದೆ ನೇರವಾದ ಭಾಗವೊಂದನ್ನು ಸೇರಿಸಿದ ಮೇಲೆ ಈ ಅಸಮತೆ ಬಹುಮಟ್ಟಿಗೆ ಕರಗಿತು. ಅಂದಿನಿಂದ ತೀವ್ರತೆಯ ಅಂಕಿಯೊಂದನ್ನೇ ನಂಬಿ ನಾನು ಯಾವ ಗೈಡನ್ನೂ ಒಪ್ಪಿಲ್ಲ. ಸ್ಥಾನ, ಕೋನ, ತರಂಗಾಂತರ ಮೂರರ ಹಂಚಿಕೆಯನ್ನೂ ನೋಡುತ್ತೇನೆ; ಬ್ರಿಲಿಯನ್ಸ್ ಟ್ರಾನ್ಸ್‌ಫರ್, ಅಂದರೆ ಅಷ್ಟೇ ಜಾಗ, ಕೋನ ಮತ್ತು ತರಂಗಾಂತರದ ಮಿತಿಯೊಳಗೆ ಗೈಡ್‌ನ ಆರಂಭದಲ್ಲಿದ್ದ ತೀವ್ರತೆಯ ಎಷ್ಟು ಪಾಲು ತುದಿ ಮುಟ್ಟಿತು ಎಂಬುದನ್ನು, ತೆಗೆಯುತ್ತೇನೆ. ಸ್ಥಾನ ಮತ್ತು ವೇಗಗಳನ್ನು ಒಟ್ಟಿಗೆ ತೆಗೆದುಕೊಂಡರೆ ಕಣಗಳ ದಟ್ಟಣೆ ಹೆಚ್ಚಲಾರದು ಎನ್ನುವ ಲಿಯೂವಿಲ್ ಪ್ರಮೇಯದ ಪ್ರಕಾರ ಇದು 1ನ್ನು ಮೀರುವಂತಿಲ್ಲ. ಲೆಕ್ಕದ ಅನಿಶ್ಚಿತತೆಯನ್ನು ಬಿಟ್ಟೂ ಮೀರಿದೆಯೆಂದರೆ ತಪ್ಪು ನಮ್ಮ ವಿವರಣೆಯಲ್ಲೇ ಇದೆ.

ಮಿತಿಗಳನ್ನೂ ತಿಳಿದಿರಬೇಕು. ಗಾಜಿನ ತುಂಡುಗಳ ಜೋಡಣೆಯಲ್ಲಿನ ಓರೆಯನ್ನು ನಾವೇ ಬರೆದು ಸೇರಿಸದಿದ್ದರೆ ಗೈಡ್ ದೋಷವಿಲ್ಲದ್ದೆಂದೇ ಲೆಕ್ಕ ನಡೆಯುತ್ತದೆ. ಸೂಪರ್‌ಮಿರರ್‌ಗೆ (ಗೈಡ್‌ನ ಒಳಮೈಯ ಬಹುಪದರದ ಕನ್ನಡಿ ಲೇಪನಕ್ಕೆ) ಪಠ್ಯಪುಸ್ತಕದ ಅಂಕಿಗಳಿಗಿಂತ ತಯಾರಕರು ಅಳೆದ ಪ್ರತಿಫಲನ ರೇಖೆಯನ್ನೇ ಕೊಡುವುದು ಮೇಲು. ವಿಕಿರಣ ತಡೆಗೋಡೆಯ ದಪ್ಪವನ್ನು ಮಾತ್ರ ಮೆಕ್‌ಸ್ಟಾಸ್‌ನಿಂದ ನಿರ್ಧರಿಸಲು ಹೋಗಬಾರದು. ಆ ಲೆಕ್ಕಕ್ಕೆ ನಾನು ಬೇರೆ ತಂತ್ರಾಂಶವನ್ನು ಬಳಸುತ್ತೇನೆ.