ಎರೆಮಣ್ಣಿಗೆ ಯಾವ ನಾರು? ಐದು ತುಂಡು ದಾರಿಯಲ್ಲಿ ಕಂಡದ್ದು

ಸಿಂಧನೂರಿನ ಕಡೆ ಎರೆಭೂಮಿಯಲ್ಲಿ ದಾರಿ ಮಾಡಿಸಿದವರಿಗೆ ಇದರ ಕಾಟ ಗೊತ್ತು. ಬೇಸಿಗೆಯಲ್ಲಿ ಬಿರುಕಿನೊಳಗೆ ಮೊಣಕೈವರೆಗೂ ತೋಳು ಇಳಿಯುತ್ತದೆ. ಮಳೆ ಹಿಡಿದರೆ ಅದೇ ನೆಲ ಉಬ್ಬಿ, ಮೆತ್ತಗಾಗಿ ಟ್ರ್ಯಾಕ್ಟರ್ ಗಾಲಿಯನ್ನು ನುಂಗುತ್ತದೆ. ನಮ್ಮ ಭಾವನವರು ಭತ್ತ ಒಣಗಿಸುವ ಕಣಕ್ಕೆ ಹೋಗುವ ದಾರಿಗೆ ಎರಡು ಸಲ ಗರಸು ಸುರಿಸಿದ್ದರು. ಎರಡು ಸಲವೂ ಗರಸು ಕೆಳಗಿಳಿದು ಎರೆ ಮೇಲೆ ಬಂತು. ಮೂರನೆಯ ಸಲ ನನ್ನನ್ನು ಕರೆದರು. ಸಣ್ಣ ಗುತ್ತಿಗೆದಾರನಾದ ನನಗೂ ಮಣ್ಣಿಗೆ ನಾರು ಬೆರೆಸುವ ವಿಷಯ ಬಹಳ ದಿನದಿಂದ ತಲೆಯಲ್ಲಿತ್ತು. ಇಡೀ ದಾರಿಗೆ ಕೈ ಹಾಕುವ ಮೊದಲು ಐದು ತುಂಡು ಮಾಡಿ ನೋಡೋಣ ಎಂದೆ.

ಒಂದೊಂದು ತುಂಡು 3 ಮೀಟರ್ ಉದ್ದ, 2 ಮೀಟರ್ ಅಗಲ, 30 ಸೆಂ.ಮೀ. ಆಳ. ಒಣಮಣ್ಣಿನ ಲೆಕ್ಕದಲ್ಲಿ ಸುಮಾರು 2.7 ಟನ್. ಮೊದಲನೆಯದು ಬರೀ ಎರೆ. ಎರಡನೆಯದಕ್ಕೆ ಅಕ್ಕಿ ಗಿರಣಿಯ ಹಳೆಯ ಗೋಣಿಚೀಲ ಬಿಚ್ಚಿದ ಸೆಣಬು, ಮೂರನೆಯದಕ್ಕೆ ತೆಂಗಿನ ನಾರು. ಇವೆರಡೂ ತೂಕದಲ್ಲಿ ಶೇ 0.5, ಅಂದರೆ ಹದಿಮೂರೂವರೆ ಕಿಲೋ. ನಾಲ್ಕನೆಯದಕ್ಕೆ ಕಾಂಕ್ರೀಟಿಗೆ ಹಾಕುವ 12 ಮಿ.ಮೀ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನಾರು, ಶೇ 0.25. ಅದು 125 ಗ್ರಾಂ ಪೊಟ್ಟಣದಲ್ಲಿ ಸಿಗುತ್ತದೆ. ಐವತ್ತನಾಲ್ಕು ಪೊಟ್ಟಣ ಹರಿದು ಸುರಿಯುವಾಗ ಅಂಗಡಿಯವನ ನಗು ನೆನಪಾಯಿತು. ಐದನೆಯದಕ್ಕೆ ಶೇ 5 ಅರಳಿದ ಸುಣ್ಣ, ಜೊತೆಗೆ ಅದೇ ಪಾಲಿಪ್ರೊಪಿಲೀನ್. ಪ್ರಮಾಣ ಎಲ್ಲಕ್ಕೂ ಒಂದೇ ಅಲ್ಲ, ಹಾಗಾಗಿ ಇದು ಪ್ರಯೋಗಾಲಯದ ಹೋಲಿಕೆಯಲ್ಲ, ಕಣದ ಹೋಲಿಕೆ.

ಕಷ್ಟವೆಲ್ಲ ಬೆರೆಸುವುದರಲ್ಲಿದೆ. ನಾರು ಮಣ್ಣನ್ನು ಹಿಡಿಯಬೇಕಾದರೆ ಎಲ್ಲ ಕಡೆ ಸಮನಾಗಿ ಹರಡಬೇಕು, ಆದರೆ ಎರೆಯೋ ಒಣಗಿದ್ದರೆ ಕಲ್ಲು, ಹಸಿಯಾದರೆ ಅಂಟು. ತೆಂಗಿನ ನಾರನ್ನು ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಮೂರು ಸೆಂ.ಮೀ. ತುಂಡು ಮಾಡಿಸಿದೆ, ಆದರೂ ಹಕ್ಕಿಗೂಡಿನಂತೆ ಉಂಡೆ ಕಟ್ಟಿತು. ಪಾಲಿಪ್ರೊಪಿಲೀನ್ ಗಾಳಿಗೆ ಹಾರಿ ಬೇಲಿಯ ಜಾಲಿಗೆಲ್ಲ ಅಂಟಿಕೊಂಡಿತು. "ಸಾಹೇಬರೇ, ಇದೇನು ಮಣ್ಣಿಗೆ ಕೂದಲು ನೆಡುತ್ತಿದ್ದೀರಿ?" ಎಂದು ಮೇಸ್ತ್ರಿ ಕೇಳಿದ. ಗೋಡೆಗೆ ಮೆತ್ತುವ ಮಣ್ಣಿಗೆ ನಿನ್ನ ಅಜ್ಜ ಹುಲ್ಲು, ಹೊಟ್ಟು ತುಳಿಸುತ್ತಿರಲಿಲ್ಲವೇ ಎಂದು ನಾನೂ ತಿರುಗಿ ಕೇಳಿದೆ. ಆಮೇಲೆ ಸುಮ್ಮನೆ ಕೆಲಸ ಮಾಡಿದ.

ಸುಣ್ಣದ ತುಂಡಿನಲ್ಲಿ ಮಾತ್ರ ಬೆರೆಸುವುದು ಸಲೀಸಾಯಿತು. ಸುಣ್ಣ ಹಾಕಿ, ನೀರು ಚಿಮುಕಿಸಿ, ತಾಡಪಾಲು ಮುಚ್ಚಿ ಒಂದು ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ಹೆಂಟೆಗಳು ಕೈಯಲ್ಲೇ ಪುಡಿಯಾಗುತ್ತಿದ್ದವು. ಸುಣ್ಣದ ಕ್ಯಾಲ್ಸಿಯಂ ಜೇಡಿಯ ಕಣಗಳಿಗೆ ಅಂಟಿ ಅವುಗಳ ಜಿಗುಟನ್ನು ಮುರಿಯುತ್ತದೆ. ನಾರನ್ನು ಆಮೇಲೆ ಬೆರೆಸಿದ್ದರಿಂದ ಉಂಡೆಯೇ ಆಗಲಿಲ್ಲ.

ಮೇ ತಿಂಗಳಲ್ಲಿ ರೋಲರ್ ಹೊಡೆಸಿ, ಸುಣ್ಣ ಗಟ್ಟಿಯಾಗಲು ನಾಲ್ಕು ವಾರ ಯಾರನ್ನೂ ತುಳಿಯಲು ಬಿಡದೆ ಕಾದೆ. ನಂತರ ಮಳೆಗಾಲ ಪೂರ್ತಿ ಗಾಡಿಗಳು ಓಡಾಡಿದವು.

ಬರೀ ಎರೆಯ ಬಗ್ಗೆ ಹೇಳಲು ಏನೂ ಇಲ್ಲ, ಜುಲೈಗೇ ಕೆಸರು. ಗೋಣಿ ನಾರಿನದು ಮೊದಲೆರಡು ಮಳೆಯಲ್ಲಿ ಚೆನ್ನಾಗಿತ್ತು. ದೀಪಾವಳಿಯ ಹೊತ್ತಿಗೆ ಅಗೆದರೆ ನಾರು ಕಪ್ಪಾಗಿ, ಎಳೆದರೆ ಹಸಿ ಕಾಗದದಂತೆ ಹರಿಯುತ್ತಿತ್ತು. ಪುಕ್ಕಟೆ ಸಿಗುತ್ತದೆ ಎಂಬುದೊಂದೇ ಅದರ ಗುಣ.

ತೆಂಗಿನ ನಾರು ನನಗೆ ಇಷ್ಟವಾಯಿತು. ಸಸ್ಯಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಹೆಚ್ಚಿರುವುದರಿಂದ ಸೆಣಬಿನಷ್ಟು ಬೇಗ ಕೊಳೆಯುವುದಿಲ್ಲ. ಮೈ ಒರಟಾದ್ದರಿಂದ ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು ದೊಡ್ಡ ಬಿರುಕಿನ ಬದಲು ನೂಲಿನಂಥ ಹತ್ತಾರು ಬಿರುಕು ಬಿಟ್ಟಿತ್ತು, ಗಾಲಿಯ ಗುಂಡಿಯೂ ಕಡಿಮೆ. ಆದರೆ ಮಳೆಯಲ್ಲಿ ಉಬ್ಬಿದ್ದು ಬರೀ ಎರೆಗಿಂತ ಸ್ವಲ್ಪವೇ ಕಡಿಮೆ. ಪಾಲಿಪ್ರೊಪಿಲೀನ್ ಕೊಳೆಯುವುದಿಲ್ಲ, ನೀರು ಕುಡಿಯುವುದಿಲ್ಲ, ಆದರೆ ನಯವಾದದ್ದು. ಅಂಚು ಒಡೆದಲ್ಲಿ ನಾರು ತುಂಡಾಗಿರಲಿಲ್ಲ, ಮಣ್ಣಿನಿಂದ ಜಾರಿ ಹೊರಬಂದಿತ್ತು. 12 ಮಿ.ಮೀ. ಉದ್ದ ಸಾಲದು ಎಂದು ಅಲ್ಲಿ ಅರ್ಥವಾಯಿತು. ಇದೂ ಉಬ್ಬಿತು.

ಉಬ್ಬುವುದು ಮಣ್ಣಿನ ಖನಿಜದ ಗುಣ. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಎಳೆದುಕೊಳ್ಳುತ್ತದೆ. ನಾರು ಅದರ ಕೈ ಹಿಡಿಯಬಹುದು, ಬಾಯಿ ಮುಚ್ಚಿಸಲಾರದು. ಮನೆಯಲ್ಲೇ ನೋಡಬಹುದು: 425 ಮೈಕ್ರಾನ್ ಜರಡಿಯಲ್ಲಿ ಇಳಿದ 10 ಗ್ರಾಂ ಒಣಮಣ್ಣನ್ನು ಒಂದು ಅಳತೆಯ ಕೊಳವೆಯಲ್ಲಿ ಸೀಮೆಎಣ್ಣೆಗೆ, ಇನ್ನೊಂದರಲ್ಲಿ ನೀರಿಗೆ ಹಾಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ನಮ್ಮ ಮಣ್ಣು ಅದರಲ್ಲಿ 11 ಮಿ.ಲೀ., ನೀರಿನಲ್ಲಿ 22: ಶೇ 100 ಉಬ್ಬು. ಸುಣ್ಣ ಬೆರೆಸಿದ್ದರ ಎರಡು ಕೊಳವೆಗಳಲ್ಲಿ ವ್ಯತ್ಯಾಸ ಹುಡುಕಲು ಕನ್ನಡಕ ಹಾಕಿಕೊಳ್ಳಬೇಕಾಯಿತು.

ಹಾಗಾಗಿ ಐದನೆಯ ತುಂಡೇ ಗೆದ್ದಿತು. ಸುಣ್ಣ ಉಬ್ಬನ್ನು ಅಡಗಿಸಿತು. ಬರೀ ಸುಣ್ಣದ ಮಣ್ಣು ಬಿಸ್ಕತ್ತಿನಂತೆ ಪಟ್ಟನೆ ಮುರಿಯುತ್ತದೆ. ನಾರು ಇದ್ದುದರಿಂದ ಬಿರಿದ ಅಂಚೂ ಕಳಚಿ ಬೀಳಲಿಲ್ಲ. ತೆಂಗಿನ ನಾರನ್ನೇ ಸುಣ್ಣಕ್ಕೆ ಹಾಕಬಾರದಿತ್ತೇ ಎಂದು ಭಾವನವರು ಕೇಳಿದರು. ಸುಣ್ಣದ ಕ್ಷಾರ ಸಸ್ಯದ ನಾರನ್ನು ತಿನ್ನುತ್ತದೆ, ಪಾಲಿಪ್ರೊಪಿಲೀನನ್ನು ಮುಟ್ಟುವುದಿಲ್ಲ.

ಒಂದು ಎಚ್ಚರಿಕೆ. ಸವಳು ಹೋಗಲಿ ಎಂದು ಜಿಪ್ಸಂ ಹಾಕಿದ ಹೊಲದ ಮಣ್ಣಿಗೆ ಪರೀಕ್ಷೆ ಮಾಡಿಸದೆ ಸುಣ್ಣ ಬೆರೆಸಬೇಡಿ. ಜಿಪ್ಸಂ ಎಂದರೆ ಸಲ್ಫೇಟ್. ಅದೂ ಸುಣ್ಣವೂ ಜೇಡಿಯ ಅಲ್ಯೂಮಿನಾದೊಂದಿಗೆ ಸೇರಿದರೆ ಎಟ್ರಿಂಜೈಟ್ ಎಂಬ ಹರಳು ಬೆಳೆದು, ನೆಲ ಮೊದಲಿಗಿಂತ ಹೆಚ್ಚು ಉಬ್ಬಬಹುದು. ತುಂಗಭದ್ರಾ ಎಡದಂಡೆಯ ನಮ್ಮ ಭಾಗದಲ್ಲಿ ಇಂಥ ಹೊಲಗಳಿಗೆ ಬರವಿಲ್ಲ.

ಈ ಬೇಸಿಗೆಯಲ್ಲಿ ಪೂರ್ತಿ ದಾರಿಯನ್ನು ಸುಣ್ಣ ಮತ್ತು ಪಾಲಿಪ್ರೊಪಿಲೀನಿನಲ್ಲೇ ಮಾಡಿಸಿದೆವು, ನಾರು ಮಾತ್ರ 24 ಮಿ.ಮೀ. ಉಳಿದ ತೆಂಗಿನ ನಾರನ್ನು ಕೃಷಿಹೊಂಡದ ಏರಿಯ ಇಳಿಜಾರಿಗೆ ಬೆರೆಸಿ ಗರಿಕೆ ನೆಟ್ಟಿದ್ದೇವೆ. ಅಲ್ಲಿ ನಾರು ಕೊಳೆಯುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ದಾರಿಯ ಎಡಬದಿಗೆ ಭತ್ತದ ಗದ್ದೆಯ ನೀರು ಜಿನುಗುತ್ತದೆ. ಅದಕ್ಕೆ ಚರಂಡಿ ತೋಡಿಸುವ ಬಗ್ಗೆ ಪಕ್ಕದ ಹೊಲದವರೊಂದಿಗೆ ಮಾತು ಇನ್ನೂ ನಡೆದೇ ಇದೆ.